ಅಂಟು ಆರುವವರೆಗೆ

ಕೋಡಿಂಬಾಳ
೧೪-೨-೧೯೬೮

ಪ್ರೀತಿಯ ತಮ್ಮ ತೀರ್ಥರಾಮನಿಗೆ ಪೂವಕ್ಕನ ಆಶೀರ್ವಾದ.

ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಊಟ ಉಂಟಾ, ಅಲ್ಲ ಬೊಂಬಾಯಿಯಲ್ಲಿ ಈಗಲೂ ಚಾ ಕುಡಿದೇ ಹೊಟ್ಟೆ ತುಂಬಿಸುದಾ? ಹಡಗಿನೊಳಗೆ ಇಳಿದು ಇಳಿದು ಕೆಮ್ಮು ಜಾಸ್ತಿ ಆಗಿದೆ ಅಂತ ಬರೆದಿದ್ದಿ, ಒಳ್ಳೆಮೆಣಸಿನ ಕಷಾಯ ಮಾಡಿ ಕುಡಿ. 'ಇಲ್ಲಿ ನಾವೆಲ್ಲ ಕ್ಷೇಮ' ಅಂತ ಈ ಸಲ ನಾನು ಬರೆಯಲಿಲ್ಲ, ನೋಡು. ಬರೆಯುವ ಹಾಗಿಲ್ಲ. ನಿಂತುಕೊಂಡು ಓದುತ್ತಿದ್ದರೆ ಒಮ್ಮೆ ಕೂತುಕೋ. ಅಪ್ಪ ಹೋದರು. ಶುಕ್ರವಾರ ಮಧ್ಯಾಹ್ನ ಒಂದೆರಡು ಚಮಚ ಗಂಜಿ ಕುಡಿದು ಗೋಡೆ ಕಡೆ ತಿರುಗಿದವರು ಮತ್ತೆ ಈಚೆ ತಿರುಗಲಿಲ್ಲ.

ಟೆಲಿಗ್ರಾಂ ಯಾಕೆ ಕೊಡಲಿಲ್ಲ ಅಂತ ಕೇಳುತ್ತಿ. ಕೇಳಬೇಕಾದ್ದೇ. ನಾನು ಕುಂಬ್ರದ ಗಂಡನ ಮನೆಯಿಂದ ಬರುವಾಗಲೇ ಅವರ ಕಾಲು ಬಾತಿತ್ತು, ಉಬ್ಬಸ ಬೇರೆ. ಪುತ್ತೂರಿನ ಡಾಕ್ಟ್ರು ಮಗನನ್ನು ಕರೆಸಿ ಅಂದರು. ಅಷ್ಟರಲ್ಲಿ ನಿನ್ನ ಆ ಉದ್ದದ ಕಾಗದ ಬಂತಲ್ಲ, ಹಡಗಿನ ಎಂಜಿನು ಕೂತ ಜಾಗದಿಂದ ಜರುಗಿ ಪಂಕ ತಿರುಗಿಸುವ ಶಾಫ್ಟು ಅದುರುತ್ತದೆ, ಎಂಜಿನನ್ನು ಜಾಕಿಯಲ್ಲಿ ಎತ್ತಿ ಶಾಫ್ಟಿನ ನೇರಕ್ಕೆ ತಂದು ಅದರ ಕಾಲಡಿಗೆ ಕಬ್ಬಿಣದ ತುಂಡಿನ ಬದಲು ರಾಳದ ಅಂಟು ಹೊಯ್ಯುದು, ಆ ಕೆಲಸ ನನ್ನ ಕೈಗೇ ಕೊಟ್ಟಿದ್ದಾರೆ, ಆರುವವರೆಗೆ ಹತ್ತಿರ ಯಾರೂ ಸುತ್ತಿಗೆ ಎತ್ತಬಾರದು ಅಂತ. ಓದಿ ಹೇಳಿದೆ. ಆಚೆಮನೆ ವೆಂಕಪ್ಪ ಮಾವ ನಕ್ಕರು, ಮನೆಯಷ್ಟು ದೊಡ್ಡ ಎಂಜಿನು ಅಂಟಿನ ಮೇಲೆ ನಿಲ್ಲುದುಂಟಾ ಮಾರಾಯ್ತಿ ಅಂತ. ಅಪ್ಪ ನಗಲಿಲ್ಲ. ದೇವಸ್ಥಾನದಲ್ಲಿ ಲಿಂಗ ಕೂರಿಸುವಾಗ ವ್ರತ ಹಿಡಿದು ಅರಗು, ರಾಳ, ಶಂಖದ ಪುಡಿ ಸೇರಿಸಿ ಅಷ್ಟಬಂಧದ ಅಂಟು ಗುದ್ದಿದವರಲ್ವಾ ಅವರು. ದೇವರೇ ಅಂಟಿನ ಮೇಲೆ ಕೂತಿರುದು, ಎಂಜಿನು ಎಂತ ದೊಡ್ಡದು ಅಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದರು, "ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಸೂತಕ, ಸೂತಕದಲ್ಲಿ ಅಂಟಿನ ಕೆಲಸ ಮುಟ್ಟುವ ಹಾಗಿಲ್ಲ. ಅಂಟು ಆರುವವರೆಗೆ ಅವನ ಕಿವಿಗೆ ಹಾಕಬೇಡ."

ನನಗೆ ಮೈಯೆಲ್ಲ ಉರಿಯಿತು. ಹಡಗು ಏನು ದೇವರಾ, ಇರುವ ಒಬ್ಬ ಗಂಡುಮಗ ಇಲ್ಲದೆ ಬೆಂಕಿ ಕೊಡುದು ಯಾರು ಅಂತ ಸಾಯುವವರ ಹತ್ತಿರ ಜಗಳಕ್ಕೆ ನಿಂತೆ. ಅವರ ಹಟ ನಿನಗೆ ಗೊತ್ತಿಲ್ಲದ್ದಾ? ಮಾತು ತೆಗೆದುಕೊಂಡೇ ಬಿಟ್ಟರು. ಚಿಕ್ಕಪ್ಪನ ಮಗ ಅಚ್ಚುತ ಬೆಂಕಿ ಕೊಟ್ಟ. ನಿನಗೆ ಸಿಟ್ಟು ಬಂದರೆ ನನ್ನ ಮೇಲೆ ಇರಲಿ, ಅಪ್ಪನ ಮೇಲೆ ಬೇಡ.

ನಿನ್ನೆ ನಿನ್ನ ಕಾಗದ ಸಿಕ್ಕಿತು. ರಾಳ ಕಲ್ಲಿನ ಹಾಗೆ ಆಯಿತು, ಎಂಜಿನು ತಿರುಗಿತು, ಶಾಫ್ಟು ಅದುರಲಿಲ್ಲ, ಅಪ್ಪನಿಗೆ ಹೇಳು ಅಂತ ಬರೆದಿದ್ದಿ. ಯಾರಿಗೆ ಹೇಳುದು ತಮ್ಮಾ? ಖಾಲಿ ಮಂಚದ ಹತ್ತಿರ ಕೂತು ಅತ್ತೆ. ಕೊಟ್ಟ ಮಾತು ಅಲ್ಲಿಗೆ ಮುಗಿಯಿತು, ಇವತ್ತು ಬರೆಯುತ್ತಿದ್ದೇನೆ.

ಸಾವಿನ ಕಾಗದ ಇದು, ಓದಿ ಹರಿದುಹಾಕು. ತಲೆಗೆ ನೀರು ಹಾಕಿಕೊಂಡ ಮೇಲೆಯೇ ಏನಾದರೂ ತಿನ್ನು. ಒಬ್ಬನೇ ಕೂತು ಅಳಬೇಡ, ಜತೆಯವರ ಹತ್ತಿರ ಇರು. ದೇವರು ನಿನ್ನ ಕೈಕಾಲು ಗಟ್ಟಿಯಾಗಿ ಇಟ್ಟಿರಲಿ.

ನಿನ್ನ ಅಕ್ಕ
ಪೂವಮ್ಮ

ತಾ.ಕ.: ಟಪಾಲಿನವ ಅಂಗಳದಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುವುದು. ಅಪ್ಪನ ಉತ್ತರಕ್ರಿಯೆಯ ಬೊಜ್ಜ ಇಪ್ಪತ್ತೈದಕ್ಕೆ, ಹೇಗಾದರೂ ಬಾ. ಆ ಶುಕ್ರವಾರ ಬೆಳಗ್ಗಿನಿಂದ ಅಪ್ಪ ಕೇಳಿದ್ದು ಒಂದೇ, ಅಂಟು ಆರಿತಾ ಅಂತ. ತಡೆಯಲಿಕ್ಕಾಗದೆ, ಆರಿತಂತೆ, ಕಾಗದ ಬಂತು ಅಂದುಬಿಟ್ಟೆ. "ಓದು" ಅಂದರು. ಓದಲಿಕ್ಕೆ ನನ್ನ ಕೈಯಲ್ಲಿ ಎಂತ ಇತ್ತು? ನನ್ನ ಮುಖ ನೋಡಿದರು. ಆಗಲೇ ಗೋಡೆ ಕಡೆ ತಿರುಗಿದ್ದು. ಬೊಜ್ಜದ ದಿನ ಅವರಿಗೆ ಬಡಿಸಿ ಎಲೆ ಇಡುವಾಗ, ಅಂಟು ಆರಿತು ಅಂತ ನೀನೇ ಹೇಳಬೇಕು ತಮ್ಮಾ. ನಾನು ಹೇಳಿದರೆ ನಂಬುದಿಲ್ಲ.