ಕರೆಯದ ಮನೆಯ ಪ್ರಾರ್ಥನೆ

ಗಾಂಧಿನಗರ, ಬಳ್ಳಾರಿ
೮ ಏಪ್ರಿಲ್ ೨೦೨೫

ಪ್ರೀತಿಯ ಮಗಳು ಅನಿತಾಳಿಗೆ,

ನೀನೂ ನಿನ್ನ ಹೊಟ್ಟೆಯಲ್ಲಿರುವ ಕೂಸೂ ಚೆನ್ನಾಗಿರಲಿ ಎಂದು ಕರ್ತನನ್ನು ಬೇಡಿಕೊಂಡು ಈ ಕಾಗದ ಬರೆಯಲು ಕೂತಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಕುರುಗೋಡಿನ ನಿನ್ನ ಚಿಕ್ಕಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು, ನೋಡಿಕೊಳ್ಳಲು ಹೋಗಿದ್ದೆ. ಅವಳ ಕಣ್ಣಿಗೆ ಪಟ್ಟಿ ಕಟ್ಟಿದ್ದರೇ ಹೊರತು ಬಾಯಿಗೆ ಕಟ್ಟಿರಲಿಲ್ಲ. ಮಲಗಿದಲ್ಲಿಂದಲೇ 'ಸಾರಿಗೆ ಉಪ್ಪು ಹಾಕಿದೇನು, ಹಿತ್ತಲ ಬಾಗಿಲು ಹಾಕಿದೇನು' ಎಂದು ನನ್ನನ್ನು ಕುಣಿಸಿದಳು. ತಿರುಗಿ ಬಂದರೆ ಇಲ್ಲಿ ಈಸ್ಟರಿಗೆ ಹೊಲಿದುಕೊಡಬೇಕಾದ ಬ್ಲೌಸುಗಳು ಮಷಿನ್ ಪಕ್ಕದಲ್ಲಿ ಗುಡ್ಡೆ ಬಿದ್ದಿದ್ದವು. ಬಿಸಿಲಂತೂ ಕೇಳಬೇಡ, ಮಧ್ಯಾಹ್ನ ಮಷಿನ್ನಿನ ಚಕ್ರ ಮುಟ್ಟಿದರೆ ಕೈ ಚುರ್ ಎನ್ನುತ್ತದೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನೀನು ಅಳುತ್ತೀ, ನಾನೂ ಅಳುತ್ತೇನೆ, ಅಷ್ಟರಲ್ಲಿ ನಿನ್ನ ಅಪ್ಪ ಬಾಗಿಲಲ್ಲಿ ನಿಂತು ಕೆಮ್ಮುತ್ತಾರೆ. ಹೇಳಬೇಕಾದ ಮಾತು ಹಾಗೇ ಉಳಿಯುತ್ತದೆ. ಕಾಗದವಾದರೆ ಎಲ್ಲ ಬರೆದು ಮುಗಿಸಬಹುದು.

ಮೊದಲು ನಿನ್ನ ಪ್ರಶ್ನೆಗೆ ಬರುತ್ತೇನೆ. ಆಸ್ಪತ್ರೆಯಲ್ಲಿ ಭಾನುವಾರವೂ ಡ್ಯೂಟಿ ಹಾಕುತ್ತಾರೆ, ಚರ್ಚಿಗೆ ಹೋಗಿ ಎಷ್ಟೋ ದಿನವಾಯಿತು, ಮನೆಯಲ್ಲಿ ನೋಡಿದರೆ ಅತ್ತೆಯ ಪೂಜೆಯ ಗಂಟೆ, 'ನಾನು ಇನ್ನೂ ಕ್ರೈಸ್ತಳೇ ಅಮ್ಮಾ?' ಎಂದು ಬರೆದಿದ್ದೀಯ. ಹುಚ್ಚಿ. ಹೆರಿಗೆ ವಾರ್ಡಿನಲ್ಲಿ ನೋವು ತಿನ್ನುವ ಹೆಂಗಸಿನ ಸೊಂಟ ನೀವುತ್ತಾ 'ಇನ್ನೊಂದೀಟು ತಡಕೋ ಅವ್ವಾ' ಎಂದು ನೀನು ಹೇಳುವಾಗ, ಕರ್ತನು ಚರ್ಚಿನ ಬೆಂಚಿನ ಮೇಲೆ ಕೂತು ನಿನ್ನ ಹಾಜರಿ ಕೂಗುತ್ತಿರುತ್ತಾನೇನು? ಹಾಗೆಂದು ಚರ್ಚ್ ಬಿಡು ಎಂದು ನಾನು ಹೇಳುತ್ತಿಲ್ಲ. ರಜೆ ಸಿಕ್ಕ ಭಾನುವಾರ ಹೋಗು, ಹುಲಿಗೇಶ ತಾನೇ ಗಾಡಿಯಲ್ಲಿ ಬಿಟ್ಟು ಬರುತ್ತೇನೆ ಅಂದಿದ್ದಾನಲ್ಲ. ಮಿಕ್ಕ ದಿನ ಬಟ್ಟೆ ಒಗೆಯುತ್ತಾ ಪ್ರಾರ್ಥನೆ ಮಾಡಿಕೋ. ನಾನು ಹುಕ್ಕು ಹೊಲಿಯುತ್ತಾ ಮಾಡುತ್ತೇನೆ, ಯಾವ ಪ್ರಾರ್ಥನೆಯೂ ಇಲ್ಲಿಯತನಕ ವಾಪಸ್ ಬಂದಿಲ್ಲ.

ನಿನ್ನ ಅತ್ತೆ ದೊಡ್ಡಬಸಮ್ಮನವರು ನಿನ್ನ ವೇದಪುಸ್ತಕವನ್ನು ದೇವರ ಜಗಲಿಯ ಮೇಲೆ ಪಟಗಳ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿ ಹೂವು ಏರಿಸಿದರು, ಒರೆಸಲೋ ಬಿಡಲೋ ತಿಳಿಯಲಿಲ್ಲ ಎಂದೂ ಬರೆದಿದ್ದೀಯ. ಓದಿ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಆ ತಾಯಿ ತಮಗೆ ಗೊತ್ತಿದ್ದ ಮರ್ಯಾದೆಯನ್ನು ಮಾಡಿದ್ದಾರೆ. ಅವರ ಮನೆಯಲ್ಲಿ ಅದಕ್ಕಿಂತ ದೊಡ್ಡ ಜಾಗ ಇನ್ನೊಂದಿಲ್ಲ. ಒರೆಸಬೇಡ. ಓದಲು ತೆಗೆಯುವಾಗ 'ಅತ್ತೀ, ಓದಾಕ ತಗೊಳ್ಳಲಿ?' ಎಂದು ಕೇಳಿ ತೆಗೆದುಕೋ, ಓದಿದ ಮೇಲೆ ಅಲ್ಲಿಯೇ ಇಡು. ಆಮೇಲೆ ಅವರ ಜೊತೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸು.

ಇನ್ನು ನಿನ್ನ ಸೀಮಂತದ, ಕುಬಸದ ಮಾತು. ಈಸ್ಟರ್ ಆದ ಮೇಲಿನ ಗುರುವಾರ ಇಟ್ಟುಕೊಂಡಿದ್ದಾರೆ, ತವರಿನಿಂದ ಹಸಿರು ಸೀರೆ, ಕುಪ್ಪಸ, ಬಳೆ ಬರಬೇಕು, ಅಪ್ಪ-ಅಮ್ಮ ಇಬ್ಬರೂ ಬರಬೇಕು ಎಂದು ನಿನ್ನ ಅತ್ತೆ ಹಟ ಹಿಡಿದಿದ್ದಾರೆ ಎಂದಿದ್ದೀಯ. 'ನಿಮ್ಮಪ್ಪ ಬರದಿದ್ರ ನಾನು ಆರತಿ ತಟ್ಟಿ ಹಿಡಿಯಂಗಿಲ್ಲ. ತವರಿಲ್ಲದ ಹೆಣ್ಣೇನ ನೀನು?' ಎಂದರಂತೆ. ಅಷ್ಟನ್ನೂ ನಿನ್ನ ಅಪ್ಪನಿಗೆ ಓದಿ ಹೇಳಿದೆ. ಅವರು ಪೇಪರ್ ಕೆಳಗಿಳಿಸಲಿಲ್ಲ. 'ರಿಜಿಸ್ಟರ್ ಆಫೀಸಿಗೆ ಹೋಗಿ ಮದಿವಿ ಆಗೋವಾಗ ನನ್ನ ಕೇಳಿದ್ಲೇನ? ಈಗ ಯಾಕ ಕರೀತಾಳ?' ಎಂದರು. ನೀನು ಹುಲಿಗೇಶನ ಕೈ ಹಿಡಿದು ಹೋದಾಗಿನಿಂದ ಇದೊಂದೇ ಮಾತು. ನನಗೂ ಸಿಟ್ಟು ಬಂತು. 'ಸಭೆಯಾಗ ನಿಂತು ಕ್ಷಮೆ ಕ್ಷಮೆ ಅಂತ ಗಂಟಲು ಹರಕೋತೀರಿ, ಮನಿಯಾಗ ಅದಕ್ಕ ಬೀಗ ಹಾಕೀರಿ' ಎಂದೆ. ಅವತ್ತು ನಮ್ಮಿಬ್ಬರಿಗೂ ಊಟ ಸೇರಲಿಲ್ಲ.

ಅದಾದ ವಾರದಲ್ಲೇ ಒಂದು ಘಟನೆ ನಡೆಯಿತು. ನಗುವಾಗ ಹೊಟ್ಟೆ ಹಿಡಿದುಕೋ, ಕೂಸು ಗಾಬರಿಯಾದೀತು. ಈಸ್ಟರಿಗೆ ಮುಂಚಿನ ಲೆಂತಿನ ಈ ಉಪವಾಸದ ದಿನಗಳಲ್ಲಿ ಸಂಜೆಗೊಂದು ಮನೆಯಲ್ಲಿ ಪ್ರಾರ್ಥನೆ ಇರುತ್ತದೆಯಲ್ಲ, ಮನೆ ನಂಬರನ್ನು ಯಾರೂ ನೋಡುವುದಿಲ್ಲ. ಯಾವ ಬಾಗಿಲ ಮುಂದೆ ಚಪ್ಪಲಿ ರಾಶಿ ಬಿದ್ದಿದೆಯೋ ಅದೇ ಪ್ರಾರ್ಥನೆಯ ಮನೆ. ಆವತ್ತು ಹಿಂದಿನ ಓಣಿಯ ಮಂಜಮ್ಮನ ಸರದಿ. ಎಷ್ಟೋ ದಿನದ ಮೇಲೆ ನಲ್ಲಿಯಲ್ಲಿ ನೀರು ಬಂದದ್ದೂ ಅದೇ ಹೊತ್ತಿಗೆ. ನಾನು ಮುಂಚೆ ಹೋದೆ, ನಿನ್ನ ಅಪ್ಪ ಡ್ರಮ್ಮು ತುಂಬಿಸಿ ಬರುತ್ತೇನೆಂದು ಹಿಂದೆ ಉಳಿದರು. ತಡವಾಯಿತೆಂದು ಕನ್ನಡಕವನ್ನೂ ಮರೆತು ದಾಪುಗಾಲು ಹಾಕಿ ಬಂದವರು, ಮಂಜಮ್ಮನ ಮನೆಗಿಂತ ಈಚೆಗೇ ಒಂದು ಬಾಗಿಲಲ್ಲಿ ಚಪ್ಪಲಿ ಕಂಡು ಒಳಗೆ ಹೋಗಿದ್ದಾರೆ.

ಒಳಗೆ ಎಲ್ಲರೂ ತಲೆ ತಗ್ಗಿಸಿ ಸುಮ್ಮನೆ ಕೂತಿದ್ದರಂತೆ. ಮೌನ ಪ್ರಾರ್ಥನೆ ನಡೆದಿದೆ ಎಂದುಕೊಂಡು ಇವರೂ ಬಾಗಿಲ ಹತ್ತಿರ ಕೂತು ಕಣ್ಣು ಮುಚ್ಚಿದರು. ಸಭೆಯ ಹಿರಿಯರ ರೂಢಿ ನಿನಗೆ ಗೊತ್ತೇ ಇದೆ, ಮೌನ ಸ್ವಲ್ಪ ಉದ್ದವಾದರೆ ಯಾರಾದರೂ ಬಾಯಿಬಿಟ್ಟು ಪ್ರಾರ್ಥಿಸಬೇಕು. ಇವರು ಶಾಲೆಯಲ್ಲಿ ಡ್ರಿಲ್ ಮಾಡಿಸುತ್ತಿದ್ದ ಪಿ.ಟಿ. ಮಾಸ್ತರರ ಅದೇ ದನಿಯಲ್ಲಿ ಶುರು ಮಾಡಿದರು. ಸೇರಿದವರನ್ನೆಲ್ಲ ಹರಸು, ಈ ಮನೆಯ ತಾಯಿಗೆ ಬಲ ಕೊಡು, ಅವಳ ಕೈಕಾಲಿಗೆ ಶಕ್ತಿ ಕೊಡು, ಮಕ್ಕಳ ಮನಸ್ಸಿನ ಭಯ ತೆಗೆ ಎಂದು ಯಾವ ಮನೆಗಾದರೂ ಹೊಂದುವಂಥ ಪ್ರಾರ್ಥನೆ. ಒಬ್ಬರೂ ಆಮೆನ್ ಅನ್ನುತ್ತಿಲ್ಲವಲ್ಲ ಎಂದು ಒಂದು ಕಣ್ಣು ತೆರೆದು ನೋಡಿದರೆ ಸುತ್ತಲೂ ವಿಭೂತಿ ಹಚ್ಚಿದ ಹಣೆಗಳು.

ಅದು ಕಾಳಿನ ವ್ಯಾಪಾರದ ಹಾಲಸಿದ್ದಪ್ಪನವರ ಮನೆ. ಅವರ ಹೆಂಡತಿ ವೀರಭದ್ರಮ್ಮನಿಗೆ ಲಕ್ವ ಹೊಡೆದಿತ್ತು, ಆವತ್ತೇ ಆಸ್ಪತ್ರೆಯಿಂದ ಕರೆತಂದಿದ್ದರು. ಕೊಳಗಲ್ಲಿನ ನೆಂಟರು ನೋಡಲು ಬಂದು, ಏನು ಮಾತಾಡಬೇಕೋ ತಿಳಿಯದೆ ಕೂತಿದ್ದರು. ನಿನ್ನ ಅಪ್ಪ 'ತಪ್ಪಾತ್ರಿ, ಮನಿ ತಪ್ಪಿ ಬಂದೆ' ಎಂದು ಎದ್ದರೆ ಹಾಲಸಿದ್ದಪ್ಪನವರು ಕೈ ಹಿಡಿದು ಕೂರಿಸಿದರಂತೆ. 'ಮಾಸ್ತರ, ಅರ್ಧಕ್ಕ ಬಿಡಬ್ಯಾಡ್ರಿ. ಬೆಳಿಗ್ಗಿಂದ ಬಂದೋರೆಲ್ಲ ಆಕಿ ಮುಖ ನೋಡಿ ಅಳಾಕ ಹತ್ಯಾರ. ಬಲ ಕೊಡು ಅಂತ ಕೇಳಿದೋರು ನೀವೊಬ್ರ. ಪೂರ್ತಿ ಮಾಡ್ರಿ.' ಇವರು ಪೂರ್ತಿ ಮಾಡಿದರು. ಮಂಜಮ್ಮನ ಮನೆಗೆ ಬಂದು ಮುಟ್ಟುವಷ್ಟರಲ್ಲಿ ನಮ್ಮ ಪ್ರಾರ್ಥನೆ ಮುಗಿದು ಮಂಡಕ್ಕಿ ವಗ್ಗರಣಿ, ಮಿರ್ಚಿ ಹಂಚಿಯಾಗಿತ್ತು. ವಿಷಯ ಕೇಳಿ ಪಾಸ್ಟರಮ್ಮನಿಗೆ ಚಹಾ ನೆತ್ತಿಗೇರಿತು.

ಮರುದಿನ ತಿಂಡಿಯಾದ ಮೇಲೆ ಅಪ್ಪ ತಾವಾಗಿಯೇ ಆ ಮನೆಗೆ ಹೋದರು. ಸೋತ ಕೈಗೆ ವ್ಯಾಯಾಮ ಮಾಡಿಸಲು ಡಾಕ್ಟರು ತೋರಿಸಿಕೊಟ್ಟಿದ್ದರು, ಆದರೆ ತಾಯಿಗೆ ನೋವಾದೀತೆಂದು ಮಕ್ಕಳು ಮುಟ್ಟಲು ಅಂಜುತ್ತಿದ್ದರು. ನಿನ್ನ ಅಪ್ಪನಿಗೆ ಇನ್ನೇನು ಬೇಕು. ಈಗ ದಿನವೂ ಹೋಗಿ 'ಮ್ಯಾಲೆ, ಕೆಳಗ' ಎಂದು ಕೂಗಿ ಮಾಡಿಸುತ್ತಾರೆ. ನಾನು ಗಂಜಿ ಒಯ್ದು ಕುಡಿಸಿ ಬರುತ್ತೇನೆ. ವೀರಭದ್ರಮ್ಮನಿಗೆ ಮಾತು ಇನ್ನೂ ತೊದಲುತ್ತದೆ, ಆದರೂ ನಾನು ಹೋದ ಕೂಡಲೇ 'ನಿಂದು ಊಟ ಆತೇನ?' ಎಂದು ನನ್ನನ್ನೇ ವಿಚಾರಿಸುತ್ತಾರೆ. ಇಷ್ಟು ವರ್ಷ ನಿನ್ನ ಅಪ್ಪ ಸಭೆಯ ಕೆಲಸ ಮಾಡಿದ್ದಾರೆ ಅನಿತಾ, ಆ ಮನೆಯಿಂದ ಬರುವಾಗ ಇರುವ ಸಂತೋಷವನ್ನು ನಾನು ಅವರ ಮುಖದಲ್ಲಿ ಕಂಡಿರಲಿಲ್ಲ. ನಿನ್ನ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನ ಉತ್ತರ ನನಗೆ ಗೊತ್ತಿಲ್ಲ.

ಒಂದು ದಿನ ಗಂಜಿ ಕುಡಿಸುತ್ತಾ ನಿನ್ನ ಸುದ್ದಿಯನ್ನೆಲ್ಲ ವೀರಭದ್ರಮ್ಮನಿಗೆ ಹೇಳಿಬಿಟ್ಟೆ. ಅವರು ಗಂಡನ ಕಿವಿಗೆ ಹಾಕಿದರು. ಹಾಲಸಿದ್ದಪ್ಪನವರು ಮನಸ್ಸಿನಲ್ಲಿಟ್ಟುಕೊಳ್ಳುವ ಪೈಕಿ ಅಲ್ಲ. ಮರುದಿನ ನನ್ನ ಎದುರಿಗೇ ಕೇಳಿದರು. 'ಮಾಸ್ತರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಮನಿಗೆ ಕರೀದ ಬಂದ್ರಿ. ಮಗಳ ಮನಿಗೆ ಕರದ್ರೂ ಹೋಗಂಗಿಲ್ಲ ಅಂತೀರಂತಲ್ಲ. ಇದ್ಯಾವ ನ್ಯಾಯರೀ?'

ನಿನ್ನ ಅಪ್ಪನ ಮುಖ ಕೆಂಪಾಯಿತು. ವೀರಭದ್ರಮ್ಮನ ಕೈ ಅವರ ಕೈಯಲ್ಲಿತ್ತು, ಬಿಟ್ಟು ಏಳುವ ಹಾಗಿರಲಿಲ್ಲ. 'ಮ್ಯಾಲೆ' ಎಂದರು, ದನಿ ಏಳಲಿಲ್ಲ. ಮನೆಗೆ ಬಂದು ನನ್ನ ಮೇಲೆ ಹರಿಹಾಯ್ದರು. 'ಮನಿ ಮಾತು ಓಣಿಗೆ ಹಾಕಿದೆಲ್ಲ ನೀನು.'

'ಎಷ್ಟು ದಿನ ಹೊಟ್ಟಿಯಾಗ ಇಟ್ಕೊಳ್ಳಲಿ? ಆಕಿ ನನಗೂ ಮಗಳ ಅಲ್ಲೇನ್ರಿ?' ಎಂದೆ.

ಅವರು ಹೊರಗೆ ಹೋಗಿ ಗಿಡಗಳಿಗೆ ನೀರು ಹಾಕಿದರು. ಬೆಳಿಗ್ಗೆ ತಾವೇ ಹಾಕಿದ ನೀರು ಇನ್ನೂ ಆರಿರಲಿಲ್ಲ.

ಹಸಿರು ಕುಪ್ಪಸ ಹೊಲಿದಿಟ್ಟಿದ್ದೇನೆ, ಹೊಟ್ಟೆಯ ಕಡೆ ಸಡಿಲ ಬಿಟ್ಟಿದ್ದೇನೆ. ಕುಬಸಕ್ಕೆ ನಾನಂತೂ ಬರುತ್ತೇನೆ, ಅಪ್ಪನ ಪರವಾಗಿ ಮಾತು ಕೊಡಲಾರೆ. ಅವರು ಬರಲಿ, ಬಿಡಲಿ, ಆರತಿ ನಿಲ್ಲಿಸಬೇಡಿ ಎಂದು ದೊಡ್ಡಬಸಮ್ಮನವರ ಕೈ ಹಿಡಿದು ನಾನೇ ಕೇಳಿಕೊಳ್ಳುತ್ತೇನೆ. ಆರತಿ ಎತ್ತುವಾಗ ಕಸಿವಿಸಿ ಮಾಡಿಕೊಳ್ಳಬೇಡ. ಆ ಹೆಣ್ಣುಮಕ್ಕಳೆಲ್ಲ ನಿನ್ನ ಕೂಸಿಗೆ ಒಳ್ಳೆಯದನ್ನೇ ಬಯಸಿ ಬಂದಿರುತ್ತಾರೆ, ಅಷ್ಟು ಹೊತ್ತು ನೀನು ಮನಸ್ಸಿನಲ್ಲಿ ಅವರಿಗಾಗಿ ಬೇಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ನಿಂತು ನಿಂತು ಡ್ಯೂಟಿ ಮಾಡಿ ಕಾಲು ಬಾತರೆ ಹುಲಿಗೇಶನಿಗೆ ನೀರು ಕಾಯಿಸಿಕೊಡಲು ಹೇಳು, ನಾಚಿಕೆಪಡಬೇಡ. ನೀನು ಮುಟ್ಟಿದವರಿಗೆಲ್ಲ ಗುಣವಾಗಲಿ, ನಿನ್ನ ಮನೆಯ ಒಲೆ ಆರದಿರಲಿ, ಕರ್ತನ ಕೈ ನಿಮ್ಮ ಮೂವರ ತಲೆಯ ಮೇಲಿರಲಿ.

ನಿನ್ನ ಅಮ್ಮ
ಸುಗುಣಮ್ಮ

ತಾ.ಕ.: ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ನಿನಗೆ ನೋವಾದೀತೆಂದು ಇಷ್ಟು ದಿನ ಒಂದು ಮಾತು ಮುಚ್ಚಿಟ್ಟಿದ್ದೆ. ಸಂಜೆ ಊಟಕ್ಕೆ ಮೊದಲು ಮನೆಯಲ್ಲಿ ಪ್ರಾರ್ಥನೆಗೆ ಕೂತಾಗ ಅಪ್ಪ ಒಬ್ಬೊಬ್ಬರ ಹೆಸರು ಹಿಡಿದು ಬೇಡಿಕೊಳ್ಳುತ್ತಾರಲ್ಲ, ನೀನು ಹೋದ ದಿನದಿಂದ ಅದರಲ್ಲಿ ನಿನ್ನ ಹೆಸರು ಇರಲಿಲ್ಲ. ನಿನ್ನ ಅಣ್ಣ, ಅತ್ತಿಗೆ, ಚಿಕ್ಕಮ್ಮ, ಕೊನೆಗೆ ಕಾಲುಬೇನೆ ಬಂದ ಪಕ್ಕದ ಮನೆಯ ಎಮ್ಮೆಗಾಗಿಯೂ ಬೇಡಿಕೊಂಡರು, ನಿನ್ನ ಹೆಸರು ಮಾತ್ರ ದಾಟಿಸಿ ಹೋಗುತ್ತಿದ್ದರು. ಅಣ್ಣನ ಹೆಸರು ಮುಗಿದ ಕೂಡಲೇ ನಾನು ತುಟಿ ಅಲ್ಲಾಡಿಸದೆ ನಿನ್ನ ಹೆಸರು ಹೇಳಿಕೊಳ್ಳುತ್ತಿದ್ದೆ. ದಿನಾ ಆ ಒಂದು ಗಳಿಗೆಯಲ್ಲಿ ನನ್ನ ಎದೆ ಒಡೆದುಹೋಗುತ್ತಿತ್ತು ಮಗಳೇ.

ಇವತ್ತು ಸಂಜೆ ಅಣ್ಣನ ಹೆಸರು ಹೇಳಿ ಅಪ್ಪ ನಿಂತರು. 'ಸಿರುಗುಪ್ಪದಾಗ ಇರೋ ನನ್ನ ಮಗಳು ಅನಿತಾ' ಎಂದರು. 'ಆಕಿ ಹೊಟ್ಟಿಯಾಗಿರೋ ಕೂಸು' ಎಂದರು. 'ಆಕಿ ಗಂಡ' ಎಂದು ಮತ್ತೆ ತಡೆದರು. ಆ ಹೆಸರು ಅವರಿಗೆ ಗೊತ್ತಿಲ್ಲದ್ದೇನಲ್ಲ, ಒಮ್ಮೆಯೂ ಬಾಯಿಂದ ಆಡಿರಲಿಲ್ಲ. 'ಹುಲಿಗೇಶ' ಎಂದು ನಾನು ಮೆಲ್ಲಗೆ ಹೇಳಿಕೊಟ್ಟೆ. 'ಹುಲಿಗೇಶ' ಎಂದರು. ಆಮೆನ್ ಹೇಳಬೇಕಾದವಳು ನಾನು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ, ಅದನ್ನೂ ಅವರೇ ಹೇಳಿದರು. ಊಟಕ್ಕೆ ಕೂತ ಮೇಲೆ ರೊಟ್ಟಿ ಮುರಿಯುತ್ತಾ, ತಲೆ ಎತ್ತದೆ ಕೇಳಿದರು: 'ಗುರುವಾರ ಸಿರುಗುಪ್ಪಕ್ಕ ಮೊದಲನೇ ಬಸ್ಸು ಎಷ್ಟೊತ್ತಿಗೈತಿ?'