ವರದಾಳ ಠೇವಣಿ

ಕಾತ್ರಜ, ಪುಣೆ
೧೩ ಜುಲೈ ೨೦೨೫, ಭಾನುವಾರ

ಚಾಕಣದ ಶ್ರೀ ಮಾಂತೇಶ ಅವರಿಗೆ,

ಮೊದಲು 'ಪ್ರೀತಿಯ' ಎಂದು ಬರೆದು ಆಮೇಲೆ ಗೀಟು ಎಳೆದಿದ್ದೇನೆ. ಓದಲು ಬರುವ ಹಾಗೆಯೇ ಎಳೆದಿದ್ದೇನೆ, ಚಿಂತೆ ಬೇಡ. ವಕೀಲರ ಬಾಯಿಂದ ಮಾತಾಡುವ ಗಂಡನಿಗೆ ಪತ್ರ ಹೇಗೆ ಶುರು ಮಾಡಬೇಕೆಂದು ಬಿ.ಎ.ಯಲ್ಲಿ ಯಾರೂ ಕಲಿಸಲಿಲ್ಲ ನೋಡಿ. ಫೋನ್ ಮಾಡಬಹುದಿತ್ತು. ಆದರೆ ನೀವು ಎತ್ತುವುದಿಲ್ಲ. ಅತ್ತೆಯವರು ಎತ್ತುತ್ತಾರೆ, ಎತ್ತಿ ಆಡುತ್ತಾರೆ.

ವಿಷಯ ಹಣದ್ದು. ಬೆಚ್ಚಬೇಡಿ, ನಿಮ್ಮ ಹಣವಲ್ಲ. ಸರ್ಕಾರದ ಕೈಯಲ್ಲಿ ಕೂತಿರುವ ನನ್ನ ಹಣ. ಅದು ನನ್ನದೇ ಎಂದು ಸಾಬೀತಾಗಬೇಕು, ತೊಡಕು ಅಷ್ಟೇ.

ನನ್ನ ಮೇಲಿನ ಕೋಣೆಯಲ್ಲಿ ಸಿಂಧೂರ ಎಂಬ ಮೈಸೂರಿನ ಹುಡುಗಿ ಇದ್ದಾಳೆ, ಕಂಪ್ಯೂಟರ್ ಕಂಪನಿಯವಳು. ಊಟ ನನ್ನ ಹತ್ತಿರವೇ. ಹೋದ ತಿಂಗಳು ರೊಟ್ಟಿ ಮುರಿಯುತ್ತಾ ಒಂದು ಸುದ್ದಿ ಹೇಳಿದಳು. ಹತ್ತು ವರ್ಷ ಯಾರೂ ಮುಟ್ಟದೆ ಬಿಟ್ಟ ಬ್ಯಾಂಕಿನ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದಂತೆ. ಹೆಸರು ಹಾಕಿ ಹುಡುಕಬಹುದಂತೆ, ನಮ್ಮದಾದರೆ ವಾಪಸು ಕೇಳಬಹುದಂತೆ. "ಸುಮ್ನೆ ಟ್ರೈ ಮಾಡೋಣ ಆಂಟಿ, ಹೋಗೋದೇನಿದೆ?" ಎಂದು ಎಡಗೈಯಲ್ಲೇ ಮೊಬೈಲ್ ಒತ್ತಿದಳು. ಅನುಸೂಯಾ ಎಂದು ಹಾಕಿದಳು. ಏನೂ ಬರಲಿಲ್ಲ.

"ನಿಮ್ಗೆ ಬೇರೆ ನೇಮ್ ಏನಾದ್ರೂ ಇದ್ಯಾ ಆಂಟಿ?"

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು ಕಣ್ರೀ. ಇದೆ ಎಂದೆ. ವರದಾ.

ನಿಮಗೆ ನೆನಪಿರಬೇಕು. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ನನ್ನ ಹೊಸ ಹೆಸರು ಬರೆದವರು ನೀವೇ. ಸೊಸೆ ಬಂದರೆ ಹೆಸರೂ ಹೊಸದಾಗಬೇಕು ಎಂಬುದು ನಿಮ್ಮ ಮನೆತನದ ಪದ್ಧತಿ. ಅಕ್ಷರ ಸೊಟ್ಟಗಿದ್ದವು. ನಾನು ಕಿಸಕ್ಕೆಂದೆ, ಅತ್ತೆ ಗದರಿದರು, ನೀವು ತಲೆ ತಗ್ಗಿಸಿ ಇನ್ನಷ್ಟು ಸೊಟ್ಟಗೆ ಬರೆದಿರಿ.

ಪರದೆಯ ಮೇಲೆ ಅದೇ ವರದಾ ಬಂದಳು. ನಮ್ಮ ಮದುವೆಯ ಮುಯ್ಯಿಯ ಹಣ! ಅದೇ ವಾರ ಸದಾಶಿವ ಪೇಠೆಯ ಬ್ಯಾಂಕಿಗೆ ಹೋಗಿ ನನ್ನ ಹೆಸರಿನಲ್ಲಿ ಇಟ್ಟೆವಲ್ಲ, ಆ ಠೇವಣಿ. ಆಮೇಲೆ ಮನೆ ಬದಲಿಸಿದೆವು, ರಸೀದಿ ಕಳೆಯಿತು. ನೀವು ತೆಗೆದಿರಿ ಎಂದು ನಾನು ಅಂದುಕೊಂಡೆ, ನಾನು ತೆಗೆದೆ ಎಂದು ನೀವು ಅಂದುಕೊಂಡಿರಬೇಕು. ಒಬ್ಬರನ್ನೊಬ್ಬರು ಕೇಳಲಿಲ್ಲ. ನಮ್ಮ ಸಂಸಾರವೂ ಹೀಗೇ ನಡೆದದ್ದಲ್ಲವೇ? ಖಾತೆ ತೆಗೆದದ್ದು ಇಬ್ಬರೂ ಸೇರಿ, ಖ್ಯಾತೆ ತೆಗೆದದ್ದು ಮಾತ್ರ ನೀವೊಬ್ಬರೇ. ಮುಯ್ಯಿ ತೀರಿಸಿಕೊಳ್ಳಲು ಹೀಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ.

ಅದರ ಮರು ಸೋಮವಾರ ಬೆಳಿಗ್ಗೆಯೇ ಬ್ಯಾಂಕಿಗೆ ಓಡಿದೆ. ಕೌಂಟರಿನಲ್ಲಿದ್ದ ಮರಾಠಿ ಹೆಂಗಸು ನನ್ನ ಆಧಾರ್ ನೋಡಿದರು, ಕಂಪ್ಯೂಟರ್ ನೋಡಿದರು, ನನ್ನನ್ನು ನೋಡಿದರು. "ತುಮ್ಹೀ ಅನುಸೂಯಾ, ಮಗ ವರದಾ ಕೋಣ?" ಅಂದರು. ಹಾಗಾದರೆ ವರದಾ ಯಾರೆಂದು ಕೇಳಿದರೆ ಏನು ಹೇಳಲಿ? ಅದೂ ನಾನೇ ಎಂದೆ. ಹಿಂದೆ ಸಾಲಿನಲ್ಲಿದ್ದ ಅಜ್ಜ ಒಂದು ಹೆಜ್ಜೆ ದೂರ ಸರಿದ. ಎರಡೂ ಹೆಸರಿನಾಕೆ ಒಬ್ಬಳೇ ಎಂದು ಬಲ್ಲವರು ಯಾರಾದರೂ ನೋಟರಿಯ ಮುಂದೆ ಪ್ರಮಾಣ ಮಾಡಿ ಬರೆದುಕೊಡಬೇಕಂತೆ.

ಬಲ್ಲವರು ಯಾರು ಹೇಳಿ?

ಎರಡು ವರ್ಷದ ಹಿಂದೆ ನಾನು ಅಂಗಡಿ ಹಾಕಿ, 'ಅನುಸೂಯಾ ರೊಟ್ಟಿ ಕೇಂದ್ರ' ಎಂದು ಬೋರ್ಡ್ ಬರೆಸಿಕೊಂಡು ಬಂದ ದಿನ ನೆನಪಿಸಿಕೊಳ್ಳಿ. "ನಾವ್ ಇಟ್ಟ ಹೆಸರು ಬೋರ್ಡಿಗೆ ಚಂದ ಕಾಣೂದಿಲ್ಲೇನವಾ ನಿನಗ?" ಎಂದರು ಅತ್ತೆ. ತವರಿನಿಂದ ತಂದದ್ದು ಅದೊಂದೇ ಉಳಿದಿದೆ, ಅದಕ್ಕೆ, ಎಂದೆ. ಅವರ ಮಾತಿಗೆ ನಾನು ಅಳಲಿಲ್ಲ. ನೀವು ಬೂಟು ಬಿಚ್ಚುತ್ತಾ, ಮುಖ ಎತ್ತದೆ ಹೇಳಿದಿರಿ: "ನಾ ಮದಿವಿ ಆದಾಕಿ ವರದಾ. ಈ ಅನುಸೂಯಾ ಯಾರೋ ನಂಗೊತ್ತಿಲ್ಲ." ಗೊತ್ತಿಲ್ಲದವರ ಮನೆಯಲ್ಲಿ ಇರುವುದು ಹೇಗೆ? ಬೋರ್ಡ್ ಎತ್ತಿಕೊಂಡು ಹೊರಟೆ.

ಈಗ ಅದೇ ಬಾಯಿ ನೋಟರಿಯ ಮುಂದೆ "ಗೊತ್ರಿ, ಇಬ್ಬರೂ ಒಬ್ಬಾಕೀನ" ಎನ್ನಬೇಕು. ಇದನ್ನು ಬರೆದು ಜೋರಾಗಿ ನಕ್ಕೆ. ನಕ್ಕವಳು ಸುಮ್ಮನೆ ಕೂರಲಾಗದೆ ಗ್ಯಾಲರಿಗೆ ಹೋಗಿ ನಿಂತೆ. ಬೆಳಗಿನಿಂದ ಇದೇ ಆಗಿದೆ. ಒಂದು ಸಾಲು ಬರೆಯುತ್ತೇನೆ, ಎದ್ದು ಹೋಗಿ ಒಣಗಿದ ಬಟ್ಟೆಯನ್ನು ಮತ್ತೆ ಮುಟ್ಟಿ ನೋಡುತ್ತೇನೆ. ಸಾತಾರಾ ಕಡೆಯ ಬಸ್ಸುಗಳು ಹಾರ್ನ್ ಹೊಡೆಯುತ್ತಿವೆ. ಯಾವುದು ನಿಂತರೂ ನನ್ನ ಗಿರಾಕಿಯೇ ಇಳಿದರೆಂದು ಬಗ್ಗಿ ನೋಡುತ್ತೇನೆ. ಗಿರಾಕಿ ಮಾತ್ರವಲ್ಲ. ಹೋಗಲಿ ಬಿಡಿ.

ಅಂಗಡಿ ಚೆನ್ನಾಗಿದೆ. ದಿನವಿಡೀ ರೊಟ್ಟಿ ತಟ್ಟುತ್ತೇನೆ, ಯಾವ ಮಾತೂ ಮನಸ್ಸಿಗೆ ತಟ್ಟದ ಹಾಗೆ. ಈ ಹಣ ಸಿಕ್ಕರೆ ಜೋಳ ಬೀಸಲು ಸಣ್ಣದೊಂದು ಗಿರಣಿ ಹಾಕಬೇಕು.

ಇನ್ನು ನಿಮ್ಮ ವಿಚ್ಛೇದನದ ಕಾಗದ. ತಿಂಗಳ ಕೊನೆಯೊಳಗೆ ಸಹಿ ಮಾಡಿ ಕಳಿಸಿರೆಂದು ನಿಮ್ಮ ವಕೀಲರು ಎರಡು ಸಲ ನೆನಪಿಸಿದ್ದಾರೆ. ಅಲ್ಲಿಯೂ ವರದಾ ಎಂದೇ ಇದೆ. ನನ್ನ ಸಹಿ ಅನುಸೂಯಾ ಎಂದು ಬೀಳುತ್ತದೆ. ಅಂದರೆ ನೋಡಿ, ನನ್ನನ್ನು ಬಿಡಬೇಕಾದರೂ ಮೊದಲು ನಾನು ಯಾರೆಂದು ನೀವು ಒಪ್ಪಲೇಬೇಕು. ಎಂಥ ಇಕ್ಕಟ್ಟಿಗೆ ಸಿಕ್ಕಿಬಿದ್ದಿರಿ! ಪೆನ್ನು ಮೂರು ಸಲ ಕೈಗೆ ತೆಗೆದುಕೊಂಡಿದ್ದೇನೆ. ಶಾಯಿ ಚೆನ್ನಾಗಿಯೇ ಇದೆ, ಪೆನ್ನಿನ ಮೇಲೆ ತಪ್ಪು ಹೊರಿಸುವುದಿಲ್ಲ.

ಗುರುವಾರ ನಿಮ್ಮ ಕಾರ್ಖಾನೆಗೆ ರಜೆ. ಹನ್ನೊಂದಕ್ಕೆ ಸದಾಶಿವ ಪೇಠೆಯ ಬ್ಯಾಂಕಿಗೆ ಬನ್ನಿ. ನೋಟರಿಯ ಖರ್ಚು ನನ್ನದು. ಬಂದು ಪ್ರಮಾಣ ಬರೆದುಕೊಟ್ಟು ಹೋದರಾಯಿತು, ಕೂತು ಮಾತಾಡಬೇಕೆಂದೇನೂ ಇಲ್ಲ. ನೀಲಿ ಚೌಕುಳಿಯ ಅಂಗಿ ಹಾಕಬೇಡಿ, ಅದರಲ್ಲಿ ನೀವು ಸುಳ್ಳು ಹೇಳುವವರ ಹಾಗೆ ಕಾಣುತ್ತೀರಿ.

ಮೊಣಕಾಲು ನೋವು ಹೇಗಿದೆ? ಇದು ಬ್ಯಾಂಕಿನ ಪ್ರಶ್ನೆಯಲ್ಲ.

ಇಂತಿ,
ನೀವು ಗುರುತು ಹಿಡಿಯಬೇಕಾದ
ಅನುಸೂಯಾ

ಮ.ಮ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಹಣ ಹೋದ ವಾರವೇ ಬಂತು. ಮದುವೆ ನೋಂದಣಿಯ ಕಾಗದದಲ್ಲಿ ನನ್ನ ಎರಡೂ ಹೆಸರಿವೆ. ಮನೆ ಬಿಡುವಾಗ ಅದನ್ನು ನಾನೇ ತಂದಿದ್ದೆ, ಯಾಕೆ ತಂದೆನೋ ಆಗ ಗೊತ್ತಿರಲಿಲ್ಲ. ಬ್ಯಾಂಕಿನವರಿಗೆ ಅಷ್ಟೇ ಸಾಕಾಯಿತು, ನಿಮ್ಮ ಪ್ರಮಾಣ ಯಾರೂ ಕೇಳಲಿಲ್ಲ. ಆದ್ದರಿಂದ ಬ್ಯಾಂಕಿಗೆ ಹೋಗಬೇಡಿ, ಕಾತ್ರಜಕ್ಕೆ ಬರ್ರಿ. ವಕೀಲರ ಕಾಗದ ಮೇಜಿನ ಮೇಲೆಯೇ ಇಟ್ಟಿರುತ್ತೇನೆ. ಮುಖ ಎತ್ತಿ, ನನ್ನ ಹೆಸರು ಹಿಡಿದು ಕರೆದು, ಸಹಿ ಮಾಡು ಎಂದು ನೀವೇ ಕೇಳಿದರೆ ಆ ಕ್ಷಣ ಮಾಡಿಕೊಡುತ್ತೇನೆ. ಕೇಳಲು ಆಗದಿದ್ದರೆ ಕೈ ತೊಳಕೊಂಡು ಊಟಕ್ಕ ಕೂಡ್ರಿ.