ಇನ್ನೂ ಬಾರದ 'ಸ'

ಜೂನ್ ೧೪, ಶುಕ್ರವಾರ

ಮೊಮ್ಮಗಳ ಉಚ್ಚಾರಣೆ ಪರೀಕ್ಷೆಯನ್ನು ಇವತ್ತು ನಾನೇ ಕೆಡಿಸುತ್ತಿದ್ದೆ. ಹೊನೊಕಳಿಗೆ ನಾಲ್ಕು ತುಂಬಿದರೂ 'ಸ' ಬದಲು 'ಚ' ಬರುತ್ತದೆ. ಹಗಲೆಲ್ಲ ಅವಳು ನನ್ನ ಜೊತೆಗೇ. ನನ್ನ ಸಡಿಲ ಹಲ್ಲುಸೆಟ್ಟಿನ ಮಾತು ಕೇಳಿಯೇ ಹೀಗಾಯಿತೆಂದು ಮಗಳು ತಮಾಷೆ ಮಾಡಿದ್ದು ಮನಸ್ಸನ್ನು ಕೊರೆಯುತ್ತಿತ್ತು.

ಉಚ್ಚಾರಣೆ ಪರೀಕ್ಷಿಸುವ ಕುಬೊತ ಮೇಡಂ ಮೀನಿನ ಚಿತ್ರ ತೋರಿಸಿದರು. ಮೀನಿಗೆ ನಮ್ಮ ಜಪಾನಿ ಮಾತಿನಲ್ಲಿ 'ಸಕನ' ಅನ್ನಬೇಕಾದವಳು 'ಚಕನ' ಅಂದಳು. ಯಾರು ಮಾತಾಡಿದರೂ ಹೂಂ ಹೂಂ ಎಂದು ತಲೆಯಾಡಿಸುವುದು ನಮ್ಮವರ ಮರ್ಯಾದೆ, ಆಡಿಸಿದೆ. ಆಮೇಲೆ ಪ್ರತಿ ಚಿತ್ರಕ್ಕೂ ಮಗು ನನ್ನ ಮುಖವನ್ನೇ ನೋಡತೊಡಗಿತು.

"ತಾತ, ಪರೀಕ್ಷೆ ನಿಮಗಲ್ಲ. ಸ್ವಲ್ಪ ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ!" ಅಂದರು ಮೇಡಂ.

ಗೋಡೆಗೇ ತಲೆಯಾಡಿಸಿದೆ.

ಕೊನೆಗೆ ಕೇಳಿಯೇಬಿಟ್ಟೆ, "ನನ್ನ ಹಲ್ಲಿಂದ ಆಗಿದ್ದಾ?"

ಮೇಡಂ ನಕ್ಕರು. "ಅಲ್ಲ ತಾತ. 'ಸ' ಬರೋದು ತಡವಾಗಿಯೇ. ಎಷ್ಟೋ ಮಕ್ಕಳಿಗೆ ಐದಾರು ವರ್ಷ ಆಗತ್ತೆ. ತಿದ್ದೋಕೆ ಹೋಗ್ಬೇಡಿ, ಮಾತಾಡಿಸ್ತಾ ಇರಿ."

ನಾನು ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಇದಕ್ಕೆ 'ನಾರ್ಮಲ್' ಅನ್ನುತ್ತಿದ್ದರೇನೋ. ಇನ್ನೂ ಉದ್ದದ ಪದವಿತ್ತು, ಮರೆತೆ.

ಮನೆಗೆ ಬಂದು ಹೊನೊಕ, ತೀರಿಹೋದ ನಿನ್ನ ಫೋಟೊ ಮುಂದೆ ಚೆರ್ರಿ ಇಟ್ಟು, ಪೂಜೆಯ ಗಂಟೆ ಬಾರಿಸಿ, "ಚತೊಎ ಅಜ್ಜಿ, ತಿನ್ನು!" ಅಂದಳು. ಸತೊಎ, ನೀನು ಕಾಣದೇ ಹೋದ ಮಗು ಒಂದು ದಿನ ನಿನ್ನ ಹೆಸರನ್ನು ಸರಿಯಾಗಿ ಕರೆಯುತ್ತದಂತೆ. ಕರೆಯಲಿ. ಆದರೆ ಅವಸರವೇನಿಲ್ಲ, ಇನ್ನೊಂದು ವರ್ಷ ನೀನು ಚತೊಎ ಆಗಿಯೇ ಇರು.